ಏಲಿಯ ಕುರ್ಚಿ

"ದೇವರಿಗೆ ಎಲ್ಲಾ ಗೊತ್ತು." ಚಿಕ್ಕಂದಿನಿಂದ ಈ ಮಾತು ಕೇಳುತ್ತಲೇ ಬಂದಿದ್ದೇನೆ. ಸಂಡೇ ಸ್ಕೂಲಿನ ಟೀಚರ್ ಇದನ್ನು ಹೇಳುವಾಗ ಕಣ್ಣು ದೊಡ್ಡದು ಮಾಡುತ್ತಿದ್ದರು. ಕಾಣಿಕೆಗೆ ಅಂತ ಮನೆಯಲ್ಲಿ ಕೊಟ್ಟ ಚಿಲ್ಲರೆಯಲ್ಲಿ ಅರ್ಧ ಪೆಪ್ಪರ್‌ಮಿಂಟಿಗೆ ಹೋಗಿರುತ್ತಿತ್ತು. ಅದು ಟೀಚರ್‌ಗೂ ಗೊತ್ತಿತ್ತು, ದೇವರನ್ನು ಸುಮ್ನೆ ಸಾಕ್ಷಿಗೆ ಕರೆಯುತ್ತಿದ್ದರು ಅಷ್ಟೇ. ದೊಡ್ಡವರಾದ ಮೇಲೆ ಚರ್ಚಿನ ಪ್ರಸಂಗಗಳಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯ ತೆಗೆಯುತ್ತಾರೆ. ದೇವರ ವಾಕ್ಯ ಇಬ್ಬಾಯಿ ಕತ್ತಿಗಿಂತ ಹರಿತ, ಹೃದಯದ ಆಲೋಚನೆಗಳನ್ನೆಲ್ಲ ಸೀಳಿ ನೋಡುತ್ತದೆ, ಆತನ ಕಣ್ಣಿಗೆ ಮರೆಯಾದದ್ದು ಒಂದೂ ಇಲ್ಲ ಅನ್ನುವ 12, 13ನೇ ವಚನ ಓದುತ್ತಾರೆ. ಪ್ರಸಂಗ ಅಲ್ಲಿಗೇ ನಿಲ್ಲುತ್ತದೆ. ಅದರ ಮುಂದಿನ ಮೂರು ವಚನಗಳಲ್ಲಿ, ನಮ್ಮ ಬಲಹೀನತೆಗೆ ಮರುಗುವ ಮಹಾಯಾಜಕನೊಬ್ಬ ಇದ್ದಾನೆ, ಆದ್ದರಿಂದ ಹೆದರದೆ ಕೃಪಾಸನದ ಹತ್ತಿರ ಬನ್ನಿ ಅಂತ ಇದೆ. ಅಷ್ಟು ದೂರ ಹೋಗುವವರು ಕಡಿಮೆ.

ಹಾಗಾಗಿ ನನ್ನ ತಲೆಯಲ್ಲಿ ಇದೊಂದು ಹೆದರಿಸುವ ಮಾತಾಗಿಯೇ ಕೂತಿತ್ತು. ಇದೇ ಮಾತಿಗೆ ಇನ್ನೊಂದು ಮುಖ ಇದೆ ಅಂತ ಗೊತ್ತಾಗಿದ್ದು ಒಂದು ಸುಗ್ಗಿ ಹಬ್ಬದ ಸಂಜೆ. ಆ ಸಂಜೆಯನ್ನು ತಲೆಯಿಂದ ತೆಗೆದುಹಾಕಲು ಇವತ್ತಿಗೂ ಆಗಿಲ್ಲ.

ನಮ್ಮ ಸಭೆಯಲ್ಲಿ ಸುಗ್ಗಿ ಹಬ್ಬ ಅಂದರೆ ಹರಾಜು. ಆರಾಧನೆ ಮುಗಿದದ್ದೇ ತಡ, ವೇದಿಯ ಮುಂದೆ ಗುಡ್ಡೆ ಹಾಕಿದ್ದ ಬೂದುಗುಂಬಳ, ಬಾಳೆಗೊನೆ, ತೆಂಗಿನಕಾಯಿ, ಕಾಲು ಕಟ್ಟಿದ ನಾಟಿಕೋಳಿ, ಮನೆಯಲ್ಲಿ ಮಾಡಿ ತಂದ ಕೇಕು ಎಲ್ಲವೂ ಅಂಗಳಕ್ಕೆ ಬರುತ್ತಿದ್ದವು. ಜೋರು ಗಂಟಲಿನವರೊಬ್ಬರು ಬೆಂಚಿನ ಮೇಲೆ ಹತ್ತಿ ಕೂಗುತ್ತಿದ್ದರು. ಮಾವ ಅಳಿಯ ಜಿದ್ದಿಗೆ ಬಿದ್ದು, ಒಂದು ಮೊಟ್ಟೆ ಕೋಳಿಗಿಂತ ದುಬಾರಿಯಾದದ್ದೂ ಉಂಟು. ಆ ವರ್ಷ ಯಾರು ಏನನ್ನು ಎಷ್ಟಕ್ಕೆ ಕೂಗಿದರು ಅಂತ ಉದ್ದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಕೆಲಸ ನನಗೆ ಬಂದಿತ್ತು. ದುಡ್ಡು ಬಿಸ್ಕತ್ತಿನ ಡಬ್ಬಿಗೆ, ಡಬ್ಬಿ ವೆಸ್ಟ್ರಿಯ, ಅಂದರೆ ಆಲಯದ ಸಾಮಾನು ಇಡುವ ಕೋಣೆಯ, ಬೀರುವಿಗೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಸಂಜೆ ಎಣಿಸಿದಾಗ ನೋಟ್‌ಬುಕ್ಕಿಗೂ ಡಬ್ಬಿಗೂ ತಾಳೆಯಾಗಲಿಲ್ಲ. ಸಾವಿರ ಚಿಲ್ಲರೆ ಕಮ್ಮಿ ಬಂತು. ಮತ್ತೆ ಎಣಿಸಿದರು, ನನ್ನ ಕೂಡುವಿಕೆಯನ್ನು ಮತ್ತೆ ನೋಡಿದರು. ಅಷ್ಟೇ ಕಮ್ಮಿ.

ವೆಸ್ಟ್ರಿಯ ಬೀಗದ ಕೈ ಇದ್ದದ್ದು ಒಬ್ಬ ಅಜ್ಜಿಯ ಹತ್ತಿರ. ಸಭೆ ಗುಡಿಸಿ, ಬೆಂಚು ಒರೆಸಿ, ಕರ್ತನ ಭೋಜನದ ಪುಟ್ಟ ಲೋಟಗಳನ್ನು ತೊಳೆದು ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದವರು. ಗಂಡ ತೀರಿಕೊಂಡಿದ್ದರು. ಹಿರಿಯರು ಅವರನ್ನು ಕರೆಸಿದರು. ಅಜ್ಜಿ ಒಳಗೆ ಬರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತರು. ಕೇಳಬೇಕಾದದ್ದನ್ನು ಹಿರಿಯರೊಬ್ಬರು ಸುತ್ತಿಬಳಸಿ ಕೇಳಿದರು. "ನಾವೇನೂ ನಿನ್ನ ಮೇಲೆ ಹೇಳ್ತಿಲ್ಲಮ್ಮಾ" ಅಂತ ಶುರು ಮಾಡಿ, ಬೀಗದ ಕೈ ಯಾರ ಹತ್ತಿರ ಇತ್ತು ಅನ್ನುವಲ್ಲಿಗೆ ಬಂದು ಮುಟ್ಟಿದರು. ಅಜ್ಜಿಗೆ ಅರ್ಥವಾಯಿತು. ಸೆರಗಿನ ತುದಿಯ ಗಂಟು ಬಿಚ್ಚಿದರು. ಅದೊಂದು ಬಿಗಿಯಾದ ಗಂಟು, ಹಲ್ಲಿನಲ್ಲಿ ಕಚ್ಚಿ ಎಳೆಯಬೇಕಾಯಿತು. ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. "ಕರ್ತನಿಗೆ ಗೊತ್ತು ಅಯ್ಯಾ" ಅಂದರು. ಅಷ್ಟೇ. ಅದಕ್ಕೆ ಆ ಹಿರಿಯರು, ಸಿಟ್ಟೇನೂ ಇಲ್ಲದೆ, ಬುದ್ಧಿ ಹೇಳುವ ದನಿಯಲ್ಲೇ ಹೇಳಿದರು: "ಅದನ್ನೇ ನಾನೂ ಹೇಳ್ತಿರೋದು. ಕರ್ತನಿಗೆ ಎಲ್ಲಾ ಗೊತ್ತು. ಅದಕ್ಕೇ ಒಪ್ಕೊಂಡುಬಿಡು."

ಒಂದೇ ಮಾತು, ಒಂದೇ ನಿಮಿಷದಲ್ಲಿ, ಇಬ್ಬರ ಬಾಯಲ್ಲಿ. ಅಜ್ಜಿ ಅದನ್ನು ಆಸರೆಯಾಗಿ ಹಿಡಿದುಕೊಂಡರು. ಹಿರಿಯರು ಅದನ್ನು ಕಿತ್ತುಕೊಂಡು ಅವರ ಮೇಲೆಯೇ ತಿರುಗಿಸಿದರು. ದುಡ್ಡು ಯಾರು ತೆಗೆದರು, ತೆಗೆದಿದ್ದರೋ ಇಲ್ಲವೋ, ಯಾವತ್ತೂ ಗೊತ್ತಾಗಲಿಲ್ಲ. ಕಥೆಗಳಲ್ಲಿ ಆಗುವ ಹಾಗೆ ಹಣ ಬೀರುವಿನ ಹಿಂದೆ ಸಿಗಲಿಲ್ಲ. ಬೀಗದ ಕೈ ಬೇರೆಯವರ ಪಾಲಾಯಿತು. ಅಜ್ಜಿ ಕೊನೆಯ ಬೆಂಚಿನಲ್ಲಿ ಕೂರುವುದನ್ನು ಬಿಡಲಿಲ್ಲ, ಈಗ ಅವರೂ ಇಲ್ಲ. ಆ ಸಭೆಯ ವೆಸ್ಟ್ರಿಯಲ್ಲಿ ಈಗ ಕ್ಯಾಮೆರಾ ಇದೆ.

ಉಗುಳು ನುಂಗುವಷ್ಟು ಹೊತ್ತು

ಬೈಬಲಿನಲ್ಲಿ ಇದರ ಬಗ್ಗೆ ಅತಿ ಹೆಚ್ಚು ಒದ್ದಾಡಿದವನು, ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬ ಅಂತ ನನಗನ್ನಿಸುತ್ತದೆ. 7ನೇ ಅಧ್ಯಾಯದಲ್ಲಿ ಅವನು ದೇವರನ್ನು ಮನುಷ್ಯರ ಕಾವಲುಗಾರನೇ ಅಂತ ಕರೆಯುತ್ತಾನೆ. ಹೊಗಳಿಕೆಗಲ್ಲ, ಬೇಸತ್ತು. ಸದಾ ನನ್ನ ಮೇಲೇ ಯಾಕೆ ಕಣ್ಣಿಟ್ಟಿದ್ದೀಯ? ಉಗುಳು ನುಂಗುವಷ್ಟು ಹೊತ್ತಾದರೂ ನನ್ನನ್ನು ಬಿಡಬಾರದಾ? ಇದೇ ಅಧ್ಯಾಯದಲ್ಲಿ ಅವನು ಕೇಳುವ ಇನ್ನೊಂದು ಪ್ರಶ್ನೆ ಚುಚ್ಚುವಂಥದ್ದು. ಮನುಷ್ಯ ಎಷ್ಟರವನು ಅಂತ ನೀನು ಅವನನ್ನು ಇಷ್ಟು ಲಕ್ಷಿಸುತ್ತೀ? 8ನೇ ಕೀರ್ತನೆಯಲ್ಲಿ ದಾವೀದ ಇದನ್ನೇ ಬೆರಗಿನಿಂದ ಹಾಡುತ್ತಾನೆ. ಯೋಬನ ಬಾಯಲ್ಲಿ ಅದು ಗೋಳು. ಸಂಡೇ ಸ್ಕೂಲಿನಲ್ಲಿ ನಮಗೆ ತೋರಿಸಿದ ದೇವರ ದೊಡ್ಡ ಕಣ್ಣನ್ನು ಯೋಬನೂ ಕಂಡಿದ್ದ. ಇಷ್ಟು ಬಿಡಿಸಿ ಹೇಳುವ ಧೈರ್ಯ ನಮಗಿರಲಿಲ್ಲ.

ಆದರೆ ಅದೇ ಯೋಬ 16ನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ, ನನ್ನ ಸಾಕ್ಷಿ ಪರಲೋಕದಲ್ಲಿದ್ದಾನೆ ಅನ್ನುತ್ತಾನೆ. ನಡುವೆ ಆದದ್ದೇನು? ದೇವರು ಇನ್ನೂ ಮಾತಾಡಿಲ್ಲ. ಹುಣ್ಣು ವಾಸಿಯಾಗಿಲ್ಲ. ಆದದ್ದು ಒಂದೇ, ಮೂವರು ಸ್ನೇಹಿತರೂ ಬಾಯಿ ಬಿಟ್ಟಾಗಿದೆ. ಇಷ್ಟು ಕಷ್ಟ ಬಂದಿದೆ ಅಂದ ಮೇಲೆ ಒಳಗೆ ಏನೋ ಹುಳುಕಿರಲೇಬೇಕು ಅಂತ ಅವರು ತೀರ್ಮಾನ ಮಾಡಿಯಾಗಿದೆ. 22ನೇ ಅಧ್ಯಾಯದಲ್ಲಿ ಅವರಲ್ಲೊಬ್ಬ, ಎಲೀಫಜ, ಪಟ್ಟಿಯನ್ನೇ ಓದುತ್ತಾನೆ. ಬಡವರ ಬಟ್ಟೆ ಕಿತ್ತುಕೊಂಡೆ, ದಣಿದವನಿಗೆ ನೀರು ಕೊಡಲಿಲ್ಲ, ಹಸಿದವನಿಗೆ ಅನ್ನ ಕೊಡಲಿಲ್ಲ, ವಿಧವೆಯರನ್ನು ಬರಿಗೈಯಲ್ಲಿ ಅಟ್ಟಿದೆ. ಒಂದಕ್ಕೂ ಆಧಾರವಿಲ್ಲ. ಕಷ್ಟ ಇದೆಯಲ್ಲ, ಅದಕ್ಕೆ ತಕ್ಕ ಪಾಪವನ್ನು ಅವನೇ ಹೊಲಿದುಕೊಟ್ಟ. ಇದನ್ನು ಕೇಳಿಸಿಕೊಂಡ ಮೇಲೆಯೇ ಯೋಬ, ನಾನು ನಡೆಯುವ ದಾರಿ ಆತನಿಗೆ ಗೊತ್ತು, ಆತನು ಶೋಧಿಸಿದರೆ ಬಂಗಾರದಂತೆ ಹೊರಬರುವೆ ಅಂದದ್ದು. ಒಳಗನ್ನು ಬಲ್ಲೆವು ಅನ್ನುವ ಮನುಷ್ಯರ ಕೈಗೆ ಸಿಕ್ಕಿ ನಜ್ಜುಗುಜ್ಜಾದವನಿಗೆ, ನಿಜವಾಗಿ ಬಲ್ಲವನ ಕಣ್ಣು ಹೊರೆ ಅನ್ನಿಸುವುದಿಲ್ಲ. ಕಡೆಗೆ ದೇವರು ಬೈದದ್ದೂ ಸ್ನೇಹಿತರನ್ನೇ. ಉಗುಳು ನುಂಗಲು ಬಿಡು ಅಂತ ರೇಗಿದ ಯೋಬನೇ ಸರಿಯಾಗಿ ಮಾತಾಡಿದ ಅಂತ 42ನೇ ಅಧ್ಯಾಯ ಹೇಳುತ್ತದೆ.

ಬಾಗಿಲ ಬಳಿ ಕೂತವರು

ಆ ಅಜ್ಜಿ ಚೌಕಟ್ಟು ಹಿಡಿದು ನಿಂತದ್ದು ನೆನಪಾದಾಗೆಲ್ಲ ನಾನು ಒಂದನೇ ಸಮುವೇಲ ತೆಗೆಯುತ್ತೇನೆ. ಅಲ್ಲೂ ಒಂದು ಬಾಗಿಲು, ಒಂದು ಕುರ್ಚಿ ಇದೆ. ಶೀಲೋವಿನ ಆಲಯದ ಬಾಗಿಲ ಪಕ್ಕದಲ್ಲಿ ಯಾಜಕ ಏಲಿ ಕೂತಿದ್ದಾನೆ. ಹನ್ನ ಪ್ರಾರ್ಥನೆ ಮಾಡುತ್ತಿದ್ದಾಳೆ. ಮಕ್ಕಳಿಲ್ಲದ ಹೆಂಗಸು. ಸವತಿ ಪೆನಿನ್ನ ವರ್ಷ ವರ್ಷವೂ ಹಬ್ಬಕ್ಕೆ ಬಂದಾಗ ಕೆಣಕಿ ಕೆಣಕಿ ಅಳಿಸಿದ್ದಾಳೆ. ಗಂಡ ಎಲ್ಕಾನ ಒಳ್ಳೆಯವನೇ. ಆದರೂ ಅವನು ಸಮಾಧಾನಕ್ಕೆ ಹೇಳಿದ್ದು, ಹತ್ತು ಗಂಡುಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ಲವೇ ಅಂತ. (ಇದಕ್ಕೆ ಹನ್ನ ಏನು ಉತ್ತರ ಕೊಟ್ಟಳು ಅಂತ ಬೈಬಲ್ ಬರೆದಿಲ್ಲ. ಬರೆಯದಿದ್ದದ್ದೇ ಒಳ್ಳೆಯದು.) ಅವಳ ತುಟಿ ಅಲ್ಲಾಡುತ್ತಿದೆ, ದನಿ ಇಲ್ಲ. ಏಲಿ ಅವಳ ಬಾಯನ್ನೇ ನೋಡುತ್ತಾನೆ. ಕುಡಿದಿದ್ದಾಳೆ ಅಂದುಕೊಳ್ಳುತ್ತಾನೆ. ಇನ್ನೂ ಎಷ್ಟು ಹೊತ್ತು ಅಮಲಿನಲ್ಲಿರುತ್ತೀ ಅಂತ ಗದರುತ್ತಾನೆ.

ಅನುಭವಸ್ಥ ಯಾಜಕ ಅವನು. ಬರುವವರನ್ನು ಹೋಗುವವರನ್ನು ನೋಡುತ್ತಲೇ ಮುದುಕನಾದವನು. ಒಂದು ಹೆಂಗಸಿನ ಬಾಯಿ ನೋಡಿ ಎದೆಯೊಳಗಿನದನ್ನು ಹೇಳಬಲ್ಲೆ ಅಂದುಕೊಂಡ. ಅದೇ ಹೊತ್ತಿನಲ್ಲಿ ಅವನ ಇಬ್ಬರು ಗಂಡುಮಕ್ಕಳು ಏನು ಮಾಡುತ್ತಿದ್ದರು ಅಂತ ಮುಂದಿನ ಅಧ್ಯಾಯದಲ್ಲಿದೆ. ಜನ ಯಜ್ಞಕ್ಕೆಂದು ಮಾಂಸ ಬೇಯಿಸುವಾಗ ಅವರ ಆಳು ಮೂರು ಮುಳ್ಳಿನ ಕೊಂಡಿ ಹಿಡಿದು ಬಂದು, ಹಂಡೆಗೆ ಚುಚ್ಚಿ, ಬಂದಷ್ಟನ್ನು ಎತ್ತಿಕೊಂಡು ಹೋಗುತ್ತಿದ್ದ. ದೇವರ ಪಾಲಿಗೇ ಕೈ ಹಾಕುತ್ತಿದ್ದದ್ದು ಏಲಿಯ ಮನೆಯವರು. ಕುಡುಕಿ ಅನ್ನಿಸಿಕೊಂಡದ್ದು ಹನ್ನ. ನಮ್ಮ ಸಭೆಯ ಹಿರಿಯರ ಮಕ್ಕಳ ಬಗ್ಗೆ ನಾನೇನೂ ಹೇಳುತ್ತಿಲ್ಲ, ಹೇಳುವ ಹಕ್ಕೂ ನನಗಿಲ್ಲ. ಈ ಎರಡು ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟವರು ಬೇಕೆಂದೇ ಇಟ್ಟಿರಬೇಕು ಅನ್ನಿಸುತ್ತದೆ, ಅಷ್ಟೇ. ಏಲಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಹನ್ನ "ಹಾಗಲ್ಲ ಸ್ವಾಮೀ" ಅಂದ ಕೂಡಲೇ ಅವನು ತಿದ್ದಿಕೊಂಡ, ಸಮಾಧಾನದಿಂದ ಹೋಗು ಅಂದ. ಹಾಗಾದರೆ ನೀನು ಕುಡಿದಿಲ್ಲ ಅನ್ನೋದಕ್ಕೆ ಸಾಕ್ಷಿ ಕೊಡು ಅನ್ನಲಿಲ್ಲ.

ಆ ಪ್ರಾರ್ಥನೆಯಿಂದ ಹುಟ್ಟಿದವನು ಸಮುವೇಲ. ಏಲಿ ಹೊರಗಿನಿಂದ ನೋಡಿ ತಪ್ಪಾಗಿ ಅಳೆದ ತಾಯಿಯ ಮಗ. ಅವನೇ ದೊಡ್ಡವನಾಗಿ, ಪ್ರವಾದಿಯಾಗಿ, ಮುದುಕನಾಗಿ, ಬೇತ್ಲೆಹೇಮಿನಲ್ಲಿ ಇಷಯನ ಮನೆಗೆ ಎಣ್ಣೆ ಕೊಂಬು ಹಿಡಿದು ಹೋದಾಗ ಏನು ಮಾಡಿದ? ಇಷಯನ ಹಿರಿಯ ಮಗ, ಎತ್ತರದ ಆಳು ಎಲೀಯಾಬನನ್ನು ನೋಡಿದ್ದೇ, ದೇವರು ಆರಿಸಿದ ಅರಸ ಇವನೇ ಇರಬೇಕು ಅಂದುಕೊಂಡ. ಮನುಷ್ಯರು ಹೊರಗಿನದನ್ನು ನೋಡುತ್ತಾರೆ, ಯೆಹೋವನು ಹೃದಯವನ್ನು ನೋಡುತ್ತಾನೆ ಅನ್ನುವ ಪ್ರಸಿದ್ಧ ಮಾತು ಬಂದದ್ದು ಅಲ್ಲಿ. ನಾವು ಇದನ್ನು ಕಂಠಪಾಠ ಮಾಡಿದ್ದೇವೆ, ಕ್ಯಾಲೆಂಡರಿನಲ್ಲಿ ನೋಡಿದ್ದೇವೆ. ಇದು ಯಾರಿಗೆ ಹೇಳಿದ ಮಾತು ಅನ್ನೋದನ್ನು ಮಾತ್ರ ಮರೆತಿದ್ದೇವೆ. ಯಾವ ಪಾಪಿಗೂ ದೇವರು ಇದನ್ನು ಬೆದರಿಕೆಯಾಗಿ ಹೇಳಲಿಲ್ಲ. ಪ್ರವಾದಿಗೆ ಹೇಳಿದ, ನಿನ್ನ ಅಂದಾಜು ಸಾಕು ಅಂತ.

ಇನ್ನೂ ತಮಾಷೆ ಮುಂದಿನ ಅಧ್ಯಾಯದಲ್ಲಿದೆ. ಇಷಯನ ಕಿರಿಯ ಮಗ ದಾವೀದ ಅಪ್ಪ ಹೇಳಿದ ಹಾಗೆ ಅಣ್ಣಂದಿರಿಗೆ ಬುತ್ತಿ ತೆಗೆದುಕೊಂಡು ದಂಡಿಗೆ ಬರುತ್ತಾನೆ. ಶತ್ರುಗಳ ದೈತ್ಯ ಗೊಲ್ಯಾತನ ವಿಷಯ ವಿಚಾರಿಸುತ್ತಾನೆ. ಎಲೀಯಾಬನಿಗೆ ಉರಿಯುತ್ತದೆ. ನಿನ್ನ ಸೊಕ್ಕು ನನಗೆ ಗೊತ್ತು, ನಿನ್ನ ಹೃದಯದ ಕೆಟ್ಟತನ ನನಗೆ ಗೊತ್ತು ಅನ್ನುತ್ತಾನೆ. ಹೃದಯ ನೋಡುವವನು ದೇವರು ಅಂತ 16ನೇ ಅಧ್ಯಾಯ ಹೇಳಿ ಶಾಯಿ ಆರಿಲ್ಲ, 17ನೇ ಅಧ್ಯಾಯದಲ್ಲಿ ಅಣ್ಣ ಆ ಕೆಲಸ ತಾನು ವಹಿಸಿಕೊಂಡಿದ್ದಾನೆ. ಯಾವ ಮನೆಯಲ್ಲಿ ಇಂಥ ಅಣ್ಣ ಇಲ್ಲ ಹೇಳಿ.

ನೀನೊಬ್ಬನೇ

ಸೊಲೊಮೋನ ದೇವಾಲಯ ಪ್ರತಿಷ್ಠೆ ಮಾಡುವಾಗ ಉದ್ದವಾದ ಪ್ರಾರ್ಥನೆ ಮಾಡುತ್ತಾನೆ, ಒಂದನೇ ಅರಸುಗಳು 8ರಲ್ಲಿ. ಅದರ ನಡುವೆ, ಎಲ್ಲಾ ಮನುಷ್ಯರ ಹೃದಯಗಳನ್ನು ಬಲ್ಲವನು ನೀನೊಬ್ಬನೇ ಅನ್ನುತ್ತಾನೆ. ನಾವು ಈ ಬೋಧನೆಯ ಮೊದಲ ಅರ್ಧವನ್ನು ಮಾತ್ರ ಕಲಿಸುತ್ತೇವೆ ಅಂತ ನನ್ನ ದೂರು. ದೇವರಿಗೆ ಗೊತ್ತು ಅನ್ನುತ್ತೇವೆ. ದೇವರೊಬ್ಬನಿಗೇ ಗೊತ್ತು ಅನ್ನುವುದನ್ನು ಬಿಡುತ್ತೇವೆ. ಅದನ್ನು ಸೇರಿಸಿದರೆ ಇಡೀ ಬೋಧನೆಯ ಮುಖ ನಮ್ಮ ಕಡೆಗೆ ತಿರುಗುತ್ತದೆ. ಸಭಾಪಾಲಕರಿಗೆ ಗೊತ್ತಿಲ್ಲ, ಕಮಿಟಿಗೆ ಗೊತ್ತಿಲ್ಲ, ಅಣ್ಣನಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕ್ಯಾಮೆರಾಕ್ಕೆ ಕೈ ಕಾಣಬಹುದು, ಕೈ ಯಾಕೆ ಹೋಯಿತು ಅನ್ನೋದು ಕಾಣುವುದಿಲ್ಲ. ಲೆಕ್ಕ ಕೇಳಬಾರದು ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಕೇಳಲೇಬೇಕು, ಸಭೆಯ ದುಡ್ಡು ಯಾರಪ್ಪನದೂ ಅಲ್ಲ. ರಸೀದಿ ಕೇಳುವುದು ಬೇರೆ, ದೇವರ ಹೆಸರು ಹಿಡಿದುಕೊಂಡು ಎದೆ ಬಗೆಯುವುದು ಬೇರೆ.

ಇದು ನನ್ನದೇ ಎದೆಗೂ ಅನ್ವಯಿಸುತ್ತದೆ. ಹೃದಯ ಎಲ್ಲಕ್ಕಿಂತ ವಂಚಕ, ಅದನ್ನು ತಿಳಿದವರು ಯಾರು ಅಂತ ಯೆರೆಮೀಯ ಕೇಳುತ್ತಾನೆ. ಪೌಲ ಕೊರಿಂಥದವರಿಗೆ ಬರೆಯುವಾಗ, ನಾನೇ ನನ್ನನ್ನು ವಿಚಾರಣೆ ಮಾಡಿಕೊಳ್ಳುವುದಿಲ್ಲ ಅನ್ನುತ್ತಾನೆ. ನನ್ನ ಮನಸ್ಸಿಗೆ ಯಾವ ತಪ್ಪೂ ತೋರುತ್ತಿಲ್ಲ, ಹಾಗಂತ ನಾನು ನಿರ್ದೋಷಿ ಅಂತಲೂ ಆಗಲಿಲ್ಲ, ಕರ್ತನು ಬರುವ ತನಕ ತೀರ್ಪು ಮಾಡಬೇಡಿ, ಆತನು ಕತ್ತಲಲ್ಲಿ ಇರುವುದನ್ನು ಬೆಳಕಿಗೆ ತರುತ್ತಾನೆ, ಹೃದಯದ ಯೋಚನೆಗಳನ್ನು ಬಯಲು ಮಾಡುತ್ತಾನೆ ಅಂತ ಮುಂದುವರಿಯುತ್ತಾನೆ. ಇಲ್ಲಿ ವಾಕ್ಯ ಹೇಗೆ ಮುಗಿಯಬೇಕು ಅಂತ ನಮಗೆ ಗೊತ್ತು ಅಲ್ವಾ? ಬಯಲಾದ ಮೇಲೆ ಶಿಕ್ಷೆ. ಪೌಲ ಬರೆದದ್ದು, ಆಗ ಪ್ರತಿಯೊಬ್ಬನಿಗೂ ದೇವರಿಂದ ಹೊಗಳಿಕೆ ಬರುವುದು ಅಂತ. ಹೊಗಳಿಕೆ! ನಮ್ಮೊಳಗೆ ಮುಚ್ಚಿಟ್ಟದ್ದರಲ್ಲಿ ಹೊಗಳಿಸಿಕೊಳ್ಳುವಂಥದ್ದೂ ಇರಬಹುದು, ಅದೂ ಯಾರ ಕಣ್ಣಿಗೂ ಬೀಳದೆ ಹೋಗಿರಬಹುದು ಅಂತ ಯಾವ ಪ್ರಸಂಗದಲ್ಲೂ ನಾನು ಕೇಳಿಲ್ಲ.

ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಕರ್ತನ ಭೋಜನದ ಆರಾಧನೆಯ ಶುರುವಿನಲ್ಲಿ ಒಂದು ಚಿಕ್ಕ ಪ್ರಾರ್ಥನೆ ಇದೆ. ಎಲ್ಲಾ ಹೃದಯಗಳೂ ನಿನಗೆ ತೆರೆದಿವೆ, ಎಲ್ಲಾ ಆಸೆಗಳೂ ನಿನಗೆ ತಿಳಿದಿವೆ, ಯಾವ ಗುಟ್ಟೂ ನಿನಗೆ ಮರೆಯಲ್ಲ ಅಂತ ಶುರುವಾಗುತ್ತದೆ. ಹಳೆಯ ಲ್ಯಾಟಿನ್ ಪ್ರಾರ್ಥನೆ, 1549ರ ಇಂಗ್ಲಿಷ್ ಪ್ರಾರ್ಥನಾ ಪುಸ್ತಕಕ್ಕೆ ಬಂದು, ಅಲ್ಲಿಂದ, 1947ರಲ್ಲಿ ಹಲವು ಸಭೆಗಳು ಸೇರಿ ಒಂದಾದ ನಮ್ಮ ಸಭೆಗೂ ಬಂತು. ಇಷ್ಟೆಲ್ಲ ತೆರೆದಿದೆ ಅಂದ ಮೇಲೆ ಅದು ಕೇಳುವುದು ಏನು? ನಮ್ಮ ಆಲೋಚನೆಗಳನ್ನು ಶುದ್ಧ ಮಾಡು, ನಿನ್ನನ್ನು ಪೂರ್ತಿಯಾಗಿ ಪ್ರೀತಿಸುವಂತೆ, ನಿನ್ನ ಹೆಸರನ್ನು ತಕ್ಕ ಹಾಗೆ ಕೊಂಡಾಡುವಂತೆ ಮಾಡು. ಬೇರೆ ಏನೂ ಕೇಳುವುದಿಲ್ಲ. ಆ ಅಜ್ಜಿ ಅದನ್ನು ಪುಸ್ತಕ ನೋಡದೆ ಹೇಳುತ್ತಿದ್ದರು.

ಅನನೀಯನ ಕಥೆ ಏನು ಮಾಡೋದು?

ಇಷ್ಟು ಓದಿದವರಲ್ಲಿ ಯಾರಾದರೂ ಅಪೊಸ್ತಲರ ಕೃತ್ಯಗಳು 5 ತೆಗೆದು ನನ್ನ ಮುಂದೆ ಹಿಡಿಯುತ್ತಾರೆ ಅಂತ ಗೊತ್ತು. ಅನನೀಯ ಭೂಮಿ ಮಾರಿ, ಸ್ವಲ್ಪ ಹಣ ಬಚ್ಚಿಟ್ಟು, ಇದೇ ಪೂರ್ತಿ ಅಂತ ಯೇಸುವಿನ ಶಿಷ್ಯ ಪೇತ್ರನ ಮುಂದೆ ಇಟ್ಟ. ಬಿದ್ದು ಸತ್ತ. ಮೂರು ತಾಸಿನ ಮೇಲೆ ಬಂದ ಹೆಂಡತಿ ಸಪ್ಫೈರಳೂ ಅದೇ ಸುಳ್ಳು ಹೇಳಿ ಅಲ್ಲೇ ಸತ್ತಳು. ಈ ಕಥೆಯನ್ನು ಮೆತ್ತಗೆ ಮಾಡಲು ನನಗೆ ಬರುವುದಿಲ್ಲ, ಮಾಡಿದವರ ಮೇಲೆ ನಂಬಿಕೆಯೂ ಇಲ್ಲ. ದೇವರಿಗೆ ಗೊತ್ತು ಅನ್ನೋದರಲ್ಲಿ ಹೆದರಬೇಕಾದದ್ದು ಇದೆ. ಊರೀಯನ ಹೆಂಡತಿಯನ್ನು ತೆಗೆದುಕೊಂಡು ಅವನನ್ನು ಕೊಲ್ಲಿಸಿದ ವಿಷಯದಲ್ಲಿ ದಾವೀದನಿಗೂ ಅದು ತಟ್ಟಿತು. ಪಾಪ ಮುಚ್ಚಿಟ್ಟಿದ್ದಾಗ ಎಲುಬುಗಳೇ ಸವೆದುಹೋದವು ಅಂತ 32ನೇ ಕೀರ್ತನೆಯಲ್ಲಿ ಹೇಳಿಕೊಳ್ಳುತ್ತಾನೆ. ಆದರೂ ಒಂದನ್ನು ಗಮನಿಸಬೇಕು. ಹೊಲ ನಿನ್ನದೇ ಆಗಿತ್ತು, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ಲ ಅಂತ ಪೇತ್ರ ಅನನೀಯನಿಗೆ ಹೇಳುತ್ತಾನೆ. ಕೊಡದೇ ಇದ್ದದ್ದು ತಪ್ಪಾಗಿರಲಿಲ್ಲ. ಇದ್ದದ್ದಕ್ಕಿಂತ ದೊಡ್ಡ ಭಕ್ತನಾಗಿ ಕಾಣಬೇಕು ಅನ್ನೋದಕ್ಕೆ ಹೇಳಿದ ಸುಳ್ಳು ಅದು. ಅಂದರೆ ಈ ಕಥೆಗೆ ಮೊದಲು ಹೆದರಬೇಕಾದವರು ಮುಂದಿನ ಬೆಂಚಿನವರು.

ಅದೇ ಪೇತ್ರ ಹತ್ತು ಅಧ್ಯಾಯ ಆದ ಮೇಲೆ ಯೆರೂಸಲೇಮಿನ ಸಭೆಯಲ್ಲಿ ಎದ್ದು ನಿಲ್ಲುತ್ತಾನೆ. ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ, ಬಂದ ವಿಶ್ವಾಸಿಗಳನ್ನು ಹಾಗೇ ಸೇರಿಸಿಕೊಳ್ಳಬೇಕೋ, ಸುನ್ನತಿ ಮಾಡಿಸಬೇಕೋ ಅಂತ ಜಗಳ. ಇವರ ನಂಬಿಕೆ ನಿಜವೋ ಅಲ್ಲವೋ ಹೇಗೆ ಗೊತ್ತು ಅನ್ನುವ ಅನುಮಾನ ಅದರ ಕೆಳಗಿತ್ತು. ಪೇತ್ರ ಹೇಳಿದ್ದು ಇಷ್ಟು: ಹೃದಯವನ್ನು ಬಲ್ಲ ದೇವರೇ ನಮಗೆ ಕೊಟ್ಟ ಹಾಗೆ ಅವರಿಗೂ ಪವಿತ್ರಾತ್ಮನನ್ನು ಕೊಟ್ಟು ಅವರ ಪರ ಸಾಕ್ಷಿ ಹೇಳಿದ್ದಾನೆ, ನೀವು ಯಾಕೆ ಅವರ ಹೆಗಲ ಮೇಲೆ ನೊಗ ಹೇರುತ್ತೀರಿ? ದೇವರಿಗೆ ಹೃದಯ ಗೊತ್ತು ಅನ್ನುವ ಮಾತು ಅಲ್ಲಿ ಬಾಗಿಲು ತೆಗೆಸಿತು. ಹೊರಗಿನವರು ಅಂತ ಅನುಮಾನಕ್ಕೆ ಒಳಗಾದವರ ಪರವಾಗಿ ಅದು ನಿಂತಿತು.

ಪೇತ್ರನಿಗೆ ಇದು ಪುಸ್ತಕ ಓದಿ ಬಂದ ವಿದ್ಯೆ ಅಲ್ಲ. ತಿಬೇರಿಯ ಸಮುದ್ರದ ದಡದಲ್ಲಿ, ರೊಟ್ಟಿ ಮೀನು ತಿಂದು ಮುಗಿದ ಮೇಲೆ, ನನ್ನನ್ನು ಪ್ರೀತಿಸುತ್ತೀಯಾ ಅಂತ ಯೇಸು ಮೂರು ಸಲ ಕೇಳಿದಾಗ ಅವನ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ. ಇದ್ದ ಸಾಕ್ಷಿಯೆಲ್ಲ ಅವನಿಗೇ ವಿರುದ್ಧ. ನಾನು ಅವನನ್ನು ಅರಿಯೆ ಅಂತ ಮೂರು ಸಲ ಹೇಳಿದ್ದನ್ನು ಮಹಾಯಾಜಕನ ಅಂಗಳದಲ್ಲಿ ಜನ ಕೇಳಿಸಿಕೊಂಡಿದ್ದಾರೆ. ಬೇರೆ ಯಾವ ಕಮಿಟಿಯ ಮುಂದೆ ನಿಂತಿದ್ದರೂ ಅವನ ಕಥೆ ಮುಗಿಯುತ್ತಿತ್ತು. ಮೂರನೇ ಸಲ ಕೇಳಿದಾಗ ನೊಂದುಕೊಂಡು ಅವನು ಹೇಳಿದ್ದು, ಕರ್ತನೇ, ನೀನು ಎಲ್ಲಾ ಬಲ್ಲೆ, ನಿನ್ನನ್ನು ಪ್ರೀತಿಸುತ್ತೇನೆ ಅನ್ನೋದೂ ನಿನಗೆ ಗೊತ್ತು ಅಂತ. ಎಲ್ಲಾ ಬಲ್ಲೆ ಅನ್ನೋದರಲ್ಲಿ ಆ ಅಂಗಳದ ರಾತ್ರಿಯೂ ಸೇರಿತು. ಅದನ್ನು ಬಿಟ್ಟು ನೋಡು ಅಂತ ಪೇತ್ರ ಕೇಳಲಿಲ್ಲ. ಅಷ್ಟನ್ನೂ ನೋಡು, ಅದರ ಕೆಳಗೆ ಇದೂ ಇದೆ ನೋಡು ಅಂದ. ಯೇಸು ಅದನ್ನು ಒಪ್ಪಿಕೊಂಡು ಕುರಿಗಳನ್ನು ಅವನ ಕೈಗೆ ಕೊಟ್ಟ.

ಇಷ್ಟಾದ ಮೇಲೆ ಪೇತ್ರ ಮಾಡಿದ ಮೊದಲ ಕೆಲಸ, ಹಿಂದಕ್ಕೆ ತಿರುಗಿ ನೋಡಿದ್ದು. ಯೇಸುವಿಗೆ ಪ್ರಿಯನಾಗಿದ್ದ ಇನ್ನೊಬ್ಬ ಶಿಷ್ಯ ಬರುತ್ತಿದ್ದ. ಕರ್ತನೇ, ಇವನ ವಿಷಯ ಏನು ಅಂತ ಕೇಳಿದ. ನಾನು ಬರುವ ತನಕ ಅವನು ಇರಲಿ ಅನ್ನೋದು ನನ್ನ ಇಷ್ಟವಾದರೆ ಅದು ನಿನಗೇನು, ನೀನು ನನ್ನನ್ನು ಹಿಂಬಾಲಿಸು ಅಂದ ಯೇಸು. ಯೋಹಾನನ ಸುವಾರ್ತೆ ಅಷ್ಟಕ್ಕೇ ಬಿಡುವುದಿಲ್ಲ. ಈ ಉತ್ತರ ಬಾಯಿಂದ ಬಾಯಿಗೆ ಹೋಗಿ, ಆ ಶಿಷ್ಯ ಸಾಯುವುದೇ ಇಲ್ಲವಂತೆ ಅಂತ ಸಹೋದರರಲ್ಲಿ ಸುದ್ದಿ ಹಬ್ಬಿತಂತೆ. ಯೇಸು ಹಾಗೆ ಹೇಳಲೇ ಇಲ್ಲ ಅಂತ ಸುವಾರ್ತೆ ಬರೆದವನು ಕೂತು ತಿದ್ದಬೇಕಾಯಿತು. ಸಭೆ ಕಟ್ಟುವ ಮೊದಲೇ ಸಭೆಯ ಗಾಳಿಸುದ್ದಿ ಶುರುವಾಗಿತ್ತು.